ಕಪ್ಪು ಪೊರೆ, ಬೆಳಕು ಮತ್ತು ಸೂಜಿಯ ಸಾಕ್ಷಿ

ದೀಪ ಹೊತ್ತಿಸಿದಾಗ ಸೂಜಿ ಏರಿತು, ಆರಿಸಿದಾಗ ಇಳಿಯಿತು. ಎಚ್. ಟಿ. ಟಿಯೆನ್ 1968ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಚಿಕ್ಕ ಪ್ರಬಂಧದ ತಿರುಳು ಇಷ್ಟೇ. ಎಲೆಯ ವರ್ಣದ್ರವ್ಯಗಳನ್ನು ಬೆರೆಸಿ ಕಟ್ಟಿದ, ಎರಡೇ ಅಣುಗಳ ದಪ್ಪದ ಲಿಪಿಡ್ ಪೊರೆ. ಅದರ ಆಚೆಗೂ ಈಚೆಗೂ ಉಪ್ಪುನೀರು. ಎರಡೂ ಕಡೆಯ ನೀರಿನಲ್ಲಿ ಒಂದೊಂದು ವಿದ್ಯುದ್ವಾರ. ಪೊರೆಯ ಮೇಲೆ ಬೆಳಕು ಬಿದ್ದರೆ ವಿದ್ಯುತ್ತು ಹುಟ್ಟುತ್ತದೆ.

ಲಿಪಿಡ್ ಪೊರೆಗಳಿಂದ ಬೆಳಕಿನ ಸ್ವಿಚ್ಚು, ಸಂವೇದಕ, ಮುಂದೊಂದು ದಿನ ಕಣ್ಣಿನಂಥ ಸಾಧನ ಮಾಡುತ್ತೇವೆ ಎನ್ನುವವರು ಈ ಪ್ರಬಂಧವನ್ನು ಇಂದಿಗೂ ನೆನೆಯುತ್ತಾರೆ. ಹೀಗೆ ಪದೇಪದೇ ಉಲ್ಲೇಖವಾಗುವ ಬರಹಗಳ ಬಗ್ಗೆ ನನಗೊಂದು ಗುಮಾನಿಯಿದೆ. ಅವನ್ನು ನೆನೆಯುವವರು ಹೆಚ್ಚು, ಓದುವವರು ಕಡಿಮೆ. ಸೂಜಿ ಅಲುಗಿತು ಎಂಬುದು ಸಾಕ್ಷಿ. ಅಲುಗಿಸಿದ್ದು ಪೊರೆಯೇ ಎಂಬುದು ತೀರ್ಪು. ಇವೆರಡರ ನಡುವೆ ನಡೆದಿರಬೇಕಾದ ವಿಚಾರಣೆ ಯಾವ ಕಡತದಲ್ಲಿದೆ ಎಂದು ಹುಡುಕುತ್ತಾ ಹೋದೆ. ಅದು ಒಂದೇ ಕಡತದಲ್ಲಿರಲಿಲ್ಲ.

ಮೊದಲು ಪೊರೆಯ ಪೂರ್ವೋತ್ತರ. 1961ರ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಜೀವಕೋಶದ ಪೊರೆಯ ಬಗ್ಗೆ ಒಂದು ಸಮ್ಮೇಳನ ನಡೆಯಿತು. ಫಿಲಡೆಲ್ಫಿಯಾದ ಮನೋವೈದ್ಯ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಪಾಲ್ ಮ್ಯೂಲರ್, ಡೊನಾಲ್ಡ್ ರೂಡಿನ್, ಟಿಯೆನ್ ಮತ್ತು ವಿಲಿಯಂ ವೆಸ್ಕಾಟ್ ಅಲ್ಲಿ ಸೋಪಿನ ಗುಳ್ಳೆಯಿಂದ ಮಾತು ಶುರುಮಾಡಿ ದನದ ಮಿದುಳಿನ ಕೊಬ್ಬಿನಿಂದ ಕಟ್ಟಿದ ಪೊರೆಯಲ್ಲಿ ಮುಗಿಸಿದರು. ಸಭೆ ಅದನ್ನು ಸಂಶಯದಿಂದಲೇ ಕೇಳಿತು ಎಂದು ಟಿಯೆನ್ ಮುಂದೆ ಬರೆದಿದ್ದಾರೆ. ಇದು ಗೆದ್ದವರು ಬರೆದ ನೆನಪು ಎಂಬುದನ್ನು ಮರೆಯದೆ ಓದಬೇಕು. ಪ್ರಬಂಧ ಮಾತ್ರ 1962ರಲ್ಲಿ 'ನೇಚರ್'ನಲ್ಲೇ ಬಂತು. ವಿಧಾನ ಸರಳ. ನೀರಿನಲ್ಲಿ ಮುಳುಗಿದ ಪ್ಲಾಸ್ಟಿಕ್ ಬಟ್ಟಲಿನ ಗೋಡೆಯಲ್ಲಿ ಸುಮಾರು ಒಂದು ಮಿಲಿಮೀಟರಿನ ರಂಧ್ರ. ಲಿಪಿಡ್ ದ್ರಾವಣದಲ್ಲಿ ಅದ್ದಿದ ಸಣ್ಣ ಕುಂಚದಿಂದ ರಂಧ್ರದ ಮೇಲೆ ಒಮ್ಮೆ ಸವರಿದರಾಯಿತು. ಪದರ ತೆಳುವಾಗುತ್ತಾ ಕಾಮನಬಿಲ್ಲಿನ ಬಣ್ಣಗಳನ್ನು ದಾಟುತ್ತದೆ, ಬಳಿಕ ಅಲ್ಲಲ್ಲಿ ಕಪ್ಪು ಚುಕ್ಕೆ ಮೂಡುತ್ತದೆ, ಚುಕ್ಕೆಗಳು ಹರಡಿ ರಂಧ್ರವೆಲ್ಲ ಕಪ್ಪಾಗುತ್ತದೆ. ಪದರದ ಮುಂಬದಿಯಿಂದಲೂ ಹಿಂಬದಿಯಿಂದಲೂ ಮರಳುವ ಬೆಳಕಿನ ಅಲೆಗಳು ಒಂದನ್ನೊಂದು ಅಳಿಸುವಷ್ಟು ಅದು ತೆಳುವಾಗಿದೆ ಎಂದು ಇದರರ್ಥ.

ಈ ಕಪ್ಪು ಹೊಸದಲ್ಲ. ರಾಬರ್ಟ್ ಹುಕ್ 1672ರಲ್ಲೇ ಸೋಪಿನ ಗುಳ್ಳೆಯಲ್ಲಿ ಕಪ್ಪು ತೂತುಗಳಂಥ ಕಲೆಗಳನ್ನು ಕಂಡು ರಾಯಲ್ ಸೊಸೈಟಿಗೆ ತಿಳಿಸಿದ್ದ. ನ್ಯೂಟನ್ ಅವುಗಳ ದಪ್ಪವನ್ನು ಅಂಗುಲದ ಹತ್ತು ಲಕ್ಷದಲ್ಲೊಂದು ಪಾಲಿನ ಎಂಟನೇ ಮೂರರಷ್ಟು ಎಂದು ಅಂದಾಜಿಸಿದ. ಇಂದಿನ ಲೆಕ್ಕದಲ್ಲಿ ಸುಮಾರು 9.5 ನ್ಯಾನೊಮೀಟರ್. ಫಿಲಡೆಲ್ಫಿಯಾದವರು ತಮ್ಮ ಪೊರೆಗೆ ಹೇಳಿದ್ದು 6ರಿಂದ 9 ನ್ಯಾನೊಮೀಟರ್. ಸೋಪಿನ ಪೊರೆಯೂ ಲಿಪಿಡ್ ಪೊರೆಯೂ ಒಂದೇ ವಸ್ತುವಲ್ಲ, ಹಾಗಾಗಿ ಈ ಹೊಂದಿಕೆಯಿಂದ ಏನೂ ಸಿದ್ಧವಾಗುವುದಿಲ್ಲ. ಆದರೂ ಅಣುವನ್ನು ಯಾರೂ ಅಳೆದಿರದ ಕಾಲದ ಒಂದು ಅಂದಾಜು ಇಷ್ಟು ಹತ್ತಿರ ಬಂದು ನಿಂತದ್ದನ್ನು ನೋಡಿ ಖುಷಿಪಡದಿರಲು ನನಗಾಗಲಿಲ್ಲ.

ಹೊಂದಿಕೆಯಾಗುವ ಅಂಕಿಗಳ ಬಗ್ಗೆ ಎಚ್ಚರ ಹೇಳುವ ಇನ್ನೊಂದು ದಾಖಲೆ ಇದೇ ದಾರಿಯಲ್ಲಿದೆ. ಜೀವಕೋಶದ ಪೊರೆಯಲ್ಲಿ ಲಿಪಿಡ್ ಎರಡು ಪದರಗಳಾಗಿ ನಿಂತಿದೆ ಎಂದು 1925ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಸಾರಿದರು. ಅವರು ಕೆಂಪು ರಕ್ತಕಣಗಳಿಂದ ಲಿಪಿಡ್ ಬಸಿದು, ನೀರಿನ ಮೇಲೆ ಒಂದೇ ಅಣುವಿನ ಪದರವಾಗಿ ಹರಡಿ ಅಳೆದಾಗ, ಅದು ಕಣಗಳ ಹೊರಮೈ ವಿಸ್ತೀರ್ಣದ ಎರಡರಷ್ಟಿತ್ತು. ತೀರ್ಮಾನ ಸರಿ. ಆದರೆ 1966ರಲ್ಲಿ ಬಾರ್, ಡೀಮರ್ ಮತ್ತು ಕಾರ್ನ್‌ವೆಲ್ ಆ ಪ್ರಯೋಗವನ್ನು ಮತ್ತೆ ಮಾಡಿ ನೋಡಿದರು. ಬಸಿಯಲು ಬಳಸಿದ ಅಸಿಟೋನ್ ಎಲ್ಲ ಲಿಪಿಡನ್ನೂ ಹೊರತೆಗೆದಿರಲಿಲ್ಲ. ಒಣಗಿದ ಕಣಗಳನ್ನು ಅಳೆದದ್ದರಿಂದ ಹೊರಮೈ ಲೆಕ್ಕವೂ ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಉತ್ತರವನ್ನು ಸರಿಯಾಗಿ ಉಳಿಸಿದ್ದವು. ಈ ಕ್ಷೇತ್ರದ ಅಡಿಗಲ್ಲೇ ಹೀಗಿರುವಾಗ, 1968ರ ಸೂಜಿಯ ಬಗ್ಗೆ ವಿಚಾರಿಸುವುದು ಅತಿಯೇನಲ್ಲ.

ಮೊದಲ ಶಂಕೆ ವಿದ್ಯುದ್ವಾರದ ಮೇಲೆ. ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸುವುದು ಸಿಲ್ವರ್ ಕ್ಲೋರೈಡ್ ಲೇಪಿಸಿದ ಬೆಳ್ಳಿ ತಂತಿ. ಎಡ್ಮಂಡ್ ಬೆಕೆರೆಲ್ 1839ರಲ್ಲಿ ಬೆಳಕಿನಿಂದ ವಿದ್ಯುತ್ ಹುಟ್ಟುವುದನ್ನು ಮೊದಲು ಕಂಡನಲ್ಲ, ಆತ ದ್ರಾವಣದಲ್ಲಿ ಇಳಿಬಿಟ್ಟ ಲೋಹದ ಹಾಳೆಗೆ ಬಳಿದದ್ದೂ ಬೆಳ್ಳಿಯ ಲವಣವನ್ನೇ. ಅಂದರೆ ಅಳೆಯುವ ಉಪಕರಣವೇ ಜಗತ್ತಿನ ಅತಿ ಹಳೆಯ ಬೆಳಕಿನ ಕೋಶ. ದೀಪದ ಒಂದಿಷ್ಟು ಬೆಳಕು ಪಕ್ಕಕ್ಕೆ ಚದುರಿ ತಂತಿಗೆ ತಾಗಿದರೆ ಪೊರೆ ಇರಲಿ ಬಿಡಲಿ, ಸೂಜಿ ಅಲುಗುತ್ತದೆ. ತಂತಿಯನ್ನು ಕತ್ತಲಲ್ಲಿ ಮುಚ್ಚಿಟ್ಟು ಉಪ್ಪಿನ ಸೇತುವೆಯ ಮೂಲಕ ಸಂಪರ್ಕ ಕೊಡುವುದು ಇದಕ್ಕೆ ಪರಿಹಾರ.

ಇದಕ್ಕಿಂತ ಬಲವಾದ ಪರೀಕ್ಷೆ ಬೆಳಕಿನ ಬಣ್ಣ ಬದಲಿಸುವುದು. ಕ್ಲೋರೊಫಿಲ್ ನೀಲಿಯಲ್ಲಿ ಸುಮಾರು 430 ನ್ಯಾನೊಮೀಟರಿನ ಬಳಿ, ಕೆಂಪಿನಲ್ಲಿ 660-670ರ ಬಳಿ ಬೆಳಕನ್ನು ಜೋರಾಗಿ ಹೀರುತ್ತದೆ, ನಡುವಿನ ಹಸಿರನ್ನು ಬಹುಪಾಲು ಬಿಟ್ಟುಕೊಡುತ್ತದೆ. ಬೆಳಕಿನ ಬಣ್ಣ ಬದಲಿಸುತ್ತಾ ಹೋದಂತೆ ವಿದ್ಯುತ್ತೂ ಇದೇ ಏರಿಳಿತದಲ್ಲಿ ನಡೆದರೆ, ಅದರ ಮೂಲ ವರ್ಣದ್ರವ್ಯವೇ ಹೊರತು ಬೆಳ್ಳಿಯಲ್ಲ. ಟಿಯೆನ್ ಮತ್ತು ಅವರ ಸಹೋದ್ಯೋಗಿಗಳು ಮುಂದಿನ ಒಂದೆರಡು ವರ್ಷಗಳಲ್ಲಿ ಮಾಡಿದ್ದು ಇದನ್ನೇ, ಹೀರಿಕೆಯ ಗೆರೆಯೂ ವಿದ್ಯುತ್ತಿನ ಗೆರೆಯೂ ಚೆನ್ನಾಗಿ ಹೊಂದಿದವು. ಇಲ್ಲಿಗೆ ವಿಚಾರಣೆ ಮುಗಿಯಿತೆಂದು ನಾನು ಕೂಡ ಸ್ವಲ್ಪ ಹೊತ್ತು ಅಂದುಕೊಂಡೆ.

ಮುಗಿದಿರಲಿಲ್ಲ. ವರ್ಣದ್ರವ್ಯ ಹೀರಿದ ಬೆಳಕು ಎಲೆಕ್ಟ್ರಾನನ್ನೇ ಎಬ್ಬಿಸಬೇಕೆಂದಿಲ್ಲ, ಬರೀ ಬಿಸಿಯಾಗಿಯೂ ಕೊನೆಗೊಳ್ಳಬಹುದು. ಹಾಗೆ ಹುಟ್ಟುವ ಬಿಸಿಯೂ ಹೀರಿಕೆಯ ಗೆರೆಯನ್ನೇ ಅನುಸರಿಸುತ್ತದೆ. ಬಣ್ಣದ ಪರೀಕ್ಷೆ ತಂತಿಯನ್ನು ಆರೋಪದಿಂದ ಬಿಡಿಸುತ್ತದೆ, ಶಾಖವನ್ನಲ್ಲ. ಸಾಲದ್ದಕ್ಕೆ ಇನ್ನೊಂದು ತೊಡಕು. ಎರಡು ಅಣು ದಪ್ಪದ ಪೊರೆ ಹೀರುವ ಬೆಳಕು ಅತ್ಯಲ್ಪ, ಆದರೆ ರಂಧ್ರದ ಅಂಚಿನ ಸುತ್ತ ಬಳೆಯಂತೆ ಉಳಿಯುವ ದಪ್ಪ ಲಿಪಿಡ್ಡಿನಲ್ಲಿ ವರ್ಣದ್ರವ್ಯ ಧಾರಾಳವಾಗಿದೆ. ಬಿಸಿಯಾಗುವುದಾದರೆ ಮೊದಲು ಬಿಸಿಯಾಗುವುದು ಆ ಬಳೆಯೇ.

ಬಿಸಿಯಾದರೆ ಸೂಜಿ ಏಕೆ ಅಲುಗಬೇಕು? ಲಿಪಿಡ್ ಪೊರೆ ವಿದ್ಯುತ್ತಿನ ದೃಷ್ಟಿಯಲ್ಲಿ ಒಂದು ಕೆಪಾಸಿಟರ್. ತೆಳು ನಿರೋಧಕದ ಎರಡೂ ಕಡೆ ವಾಹಕ ನೀರು. ಬಿಸಿಗೆ ಅದರ ಕೆಪಾಸಿಟೆನ್ಸ್ ಪ್ರತಿ ಡಿಗ್ರಿಗೆ ಸುಮಾರು ಶೇಕಡಾ 0.3ರಷ್ಟು ಹೆಚ್ಚುತ್ತದೆ. ಪೊರೆಯ ಮೇಲೆ ವೋಲ್ಟೇಜ್ ಇದ್ದಾಗ ಕೆಪಾಸಿಟೆನ್ಸ್ ಬದಲಾದರೆ, ಬದಲಾಗುತ್ತಿರುವಷ್ಟು ಹೊತ್ತೂ ಪ್ರವಾಹ ಹರಿಯಲೇಬೇಕು. ಇದು ಎಷ್ಟಿರಬಹುದೆಂದು ಕಾಗದದ ಮೇಲೆ ಒರಟಾಗಿ ಲೆಕ್ಕ ಹಾಕಿದೆ. ಒಂದು ಮಿಲಿಮೀಟರ್ ವ್ಯಾಸದ ರಂಧ್ರ, ಚದರ ಸೆಂಟಿಮೀಟರಿಗೆ 0.4 ಮೈಕ್ರೊಫ್ಯಾರಡ್ ಎಂದಿಟ್ಟುಕೊಂಡರೆ ಪೊರೆಯ ಕೆಪಾಸಿಟೆನ್ಸ್ ಸುಮಾರು 3 ನ್ಯಾನೊಫ್ಯಾರಡ್. ಅದರ ಮೇಲೆ 100 ಮಿಲಿವೋಲ್ಟ್ ಇಟ್ಟು 10 ಮಿಲಿಸೆಕೆಂಡಿನಲ್ಲಿ ಒಂದು ಡಿಗ್ರಿ ಬಿಸಿಮಾಡಿದರೆ ಹರಿಯುವುದು 90 ಪಿಕೊಆಂಪಿಯರ್‌ನಷ್ಟು. ಅದೇ ಪೊರೆಯ ರೋಧ ಚದರ ಸೆಂಟಿಮೀಟರಿಗೆ 10 ಕೋಟಿ ಓಮ್ ಎಂದುಕೊಂಡರೆ, ಕತ್ತಲಲ್ಲಿ ಅದರ ಮೂಲಕ ಸೋರುವುದು ಕೇವಲ 8 ಪಿಕೊಆಂಪಿಯರ್. ಬರೀ ಒಂದು ಡಿಗ್ರಿಯ ಬಿಸಿ, ಯಾವ ಎಲೆಕ್ಟ್ರಾನೂ ಪೊರೆ ದಾಟದಿದ್ದರೂ, ಸಹಜ ಸೋರಿಕೆಯ ಹತ್ತುಪಟ್ಟು ಸಂಕೇತ ಕೊಡಬಲ್ಲದು.

ಹಾಗಾದರೆ ಆ ಕಾಲದಲ್ಲಿ ಇದು ಯಾರಿಗಾದರೂ ತಿಳಿದಿತ್ತೇ? ಕೃತಕ ಪೊರೆಗಳ ಸಾಹಿತ್ಯದಲ್ಲಿ ಹುಡುಕಿದಷ್ಟು ಕಾಲ ನನಗೆ ಕೈಗೆ ಹತ್ತಿದ್ದು ಕಡಿಮೆ. ನಾನು ತಪ್ಪು ಕಪಾಟಿನ ಮುಂದೆ ನಿಂತಿದ್ದೆ. ಉತ್ತರ ಇದ್ದದ್ದು ಕಣ್ಣಿನ ಸಂಶೋಧನೆಯ ಕಡತದಲ್ಲಿ.

1964ರಲ್ಲಿ ಬ್ರೌನ್ ಮತ್ತು ಮುರಾಕಾಮಿ ಮಂಗದ ಅಕ್ಷಿಪಟಲದಲ್ಲಿ ಒಂದು ವಿಚಿತ್ರ ಸಂಕೇತ ಕಂಡರು. ಮಿಂಚುಬೆಳಕು ಬಿದ್ದ ಕ್ಷಣಕ್ಕೇ, ತಡವೆಂಬುದೇ ಇಲ್ಲದೆ, ಒಂದು ಸಣ್ಣ ವೋಲ್ಟೇಜ್ ಮೂಡುತ್ತಿತ್ತು. ದೃಷ್ಟಿವರ್ಣಕದ ಅಣು ಬೆಳಕು ಹೀರಿ ರೂಪ ಬದಲಿಸುವಾಗ ಅದರ ವಿದ್ಯುದಂಶ ಸರಿದಾಡುವುದೇ ಇದು ಎಂದು ಉತ್ಸಾಹ ಮೂಡಿತು. ಎರಡೇ ವರ್ಷಕ್ಕೆ, 1966ರಲ್ಲಿ, ಆರ್ಡನ್ ಮತ್ತು ಸಂಗಡಿಗರು ಅಂಥದೇ ಶೀಘ್ರ ಸಂಕೇತ ಪ್ರಾಣಿಗಳ ಇತರ ಅಂಗಾಂಶಗಳಲ್ಲೂ ಗಿಡಗಳಲ್ಲೂ ಸಿಗುತ್ತದೆಂದು ವರದಿ ಮಾಡಿದರು. ಮರುವರ್ಷ ಎಬ್ರಿ ಮತ್ತು ಕೋನ್ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯದ ಕಡೆ ಬೆರಳು ತೋರಿಸಿದರು. ಮೆಲನಿನ್‌ಗೂ ಎಲೆಗೂ ದೃಷ್ಟಿಗೂ ಏನು ಸಂಬಂಧ? ಬೆಳಕು ಹೀರುತ್ತವೆ ಎಂಬುದಷ್ಟೇ ಇವುಗಳಲ್ಲಿರುವ ಸಮಾನ ಗುಣ. 1967ರಲ್ಲಿ ಹೇಗಿನ್ಸ್ ಮತ್ತು ಮೆಕ್‌ಗಾಫಿ 'ಸೈನ್ಸ್' ಪತ್ರಿಕೆಯಲ್ಲಿ ಸ್ಕ್ವಿಡ್‌ನ ಅಕ್ಷಿಪಟಲದ ಶೀಘ್ರ ಸಂಕೇತವನ್ನು ಎರಡಾಗಿ ಬಿಡಿಸಿಟ್ಟರು. ಒಂದು ಅಣುಮೂಲದ್ದು, ಇನ್ನೊಂದು ಶಾಖಮೂಲದ್ದು.

ಟಿಯೆನ್ ಪ್ರಬಂಧಕ್ಕಿಂತ ಒಂದು ವರ್ಷ ಮೊದಲೇ ಶಾಖವೆಂಬ ಆರೋಪಿಯ ಹೆಸರು ಅಚ್ಚಾಗಿತ್ತು. ಆದರೆ ಅಲ್ಲಿ ಅದನ್ನು ಗುರುತಿಸಿದ್ದು ಬೇರ್ಪಡಿಸಲೆಂದು. ಅಣುವಿನ ಸಂಕೇತ ಬೇಕು, ಶಾಖದ್ದು ಬೇಡ. ಬೇಡವಾದದ್ದಕ್ಕೆ ಮುಂದೆ ಏನಾಯಿತು ಎಂದು ಯಾರೂ ಹಿಂಬಾಲಿಸುವುದಿಲ್ಲ. ಈ ಎಳೆ ನನ್ನ ಕೈಯಲ್ಲೂ ಇಲ್ಲಿಗೇ ತುಂಡಾಯಿತು.

ಎಳೆ ಬಿಟ್ಟು 1970ರ ದಶಕಕ್ಕೆ ಬಂದೆ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಮೌಜರಾಲ್ ಮತ್ತು ಫೆಲಿಕ್ಸ್ ಹಾಂಗ್ ಇದೇ ಪ್ರಶ್ನೆಯನ್ನು ಇನ್ನಷ್ಟು ಕಟುವಾಗಿ ಕೇಳುತ್ತಿದ್ದರು. ಎಲೆಯಿಂದ ಬಸಿದ ಕಲಸುಮೇಲೋಗರ ಅವರಿಗೆ ಬೇಡವಾಗಿತ್ತು. ಮೆಗ್ನೀಷಿಯಂ ಪಾರ್ಫಿರಿನ್ ಎಂಬ ಒಂದೇ ಗುರುತಿನ ವರ್ಣದ್ರವ್ಯ, ನೀರಿನಲ್ಲಿ ಎಲೆಕ್ಟ್ರಾನ್ ಕೊಡುಕೊಳ್ಳುವ ಫೆರಿಸಯನೈಡ್ ಮತ್ತು ಫೆರೊಸಯನೈಡ್, ದೀಪದ ಬದಲು ಲೇಸರಿನ ಕ್ಷಣಿಕ ಮಿಂಚು. 1972ರ ಅವರ ಪ್ರಬಂಧದ ಶೀರ್ಷಿಕೆಯೇ ಒಂದು ವಾದ. ಪೊರೆ ಮತ್ತು ದ್ರಾವಣ ಕೂಡುವ ಒಂದೇ ಮುಖದಲ್ಲಿ ವಿದ್ಯುತ್ತು ಹುಟ್ಟುತ್ತದೆ, ಅದೂ ಎರಡು ಪದರದ ಪೊರೆಗೇ ವಿಶಿಷ್ಟವಾಗಿ. ದಪ್ಪ ಬಳೆಯ ಸಂಶಯಕ್ಕೆ ಇದು ನೇರ ಉತ್ತರ.

1974ರಲ್ಲಿ ಅವರು ಮುಟ್ಟಿದ ಸಂಗತಿ ಇನ್ನೂ ಆಳದ್ದು. ಪೊರೆಯ ಮುಖದಲ್ಲಿ ಬೆಳಕು ಒಂದು ಎಲೆಕ್ಟ್ರಾನನ್ನು ಪಾರ್ಫಿರಿನ್ನಿನಿಂದ ನೀರಿನ ಕಡೆಗೆ ತಳ್ಳುತ್ತದೆ, ಕ್ಷಣದಲ್ಲಿ ಅದು ಹಿಂದಿರುಗುತ್ತದೆ. ಅಷ್ಟಕ್ಕೇ ಹೊರಗಿನ ತಂತಿಯಲ್ಲಿ ಮೊದಲೊಂದು ದಿಕ್ಕಿಗೆ, ಆಮೇಲೆ ಎದುರು ದಿಕ್ಕಿಗೆ ಪ್ರವಾಹ ಕಾಣುತ್ತದೆ. ಜೋಕಾಲಿ ಎಷ್ಟು ಜೀಕಿದರೂ ಕೂತವರು ಪಕ್ಕದ ಊರಿಗೆ ಹೋಗಿರುವುದಿಲ್ಲ, ಕೊಂಬೆ ಮಾತ್ರ ಅಲುಗುತ್ತದೆ. ಹೊರಗೆ ಪ್ರವಾಹ ಕಂಡಿತೆಂದರೆ ಒಳಗೆ ವಿದ್ಯುದಂಶ ಪೊರೆಯನ್ನು ದಾಟಿತು ಎಂದಲ್ಲ, ಅದರ ದಪ್ಪದೊಳಗೆ ಸ್ವಲ್ಪ ದೂರ ಸರಿಯಿತು ಎಂದಷ್ಟೇ. ಅಷ್ಟೇ ಅಲ್ಲ, ಕಂಡ ಸಂಕೇತದ ಆಕಾರ ಅಳೆಯುವ ವರ್ಧಕದ ರೋಧವನ್ನೂ ಅವಲಂಬಿಸಿತ್ತು. ಸರ್ಕ್ಯೂಟ್ ತೆರೆದಿಟ್ಟರೆ ಒಂದು ಕಥೆ, ಮುಚ್ಚಿದರೆ ಇನ್ನೊಂದು.

ಇದನ್ನು ಓದಿದ ಮೇಲೆ ಬ್ಯಾಕ್ಟೀರಿಯೊರೊಡಾಪ್ಸಿನ್ನಿನ ಕಡತದ ಒಂದು ಒಗಟು ತಾನಾಗಿ ಬಿಡಿಸಿಕೊಂಡಿತು. ಉಪ್ಪು ಹೊಂಡಗಳಲ್ಲಿ ಬದುಕುವ ಸೂಕ್ಷ್ಮಜೀವಿಯ ನೇರಳೆ ಪೊರೆಯಲ್ಲಿರುವ ಈ ಪ್ರೋಟೀನನ್ನು 1971ರಲ್ಲಿ ಓಸ್ಟರ್‌ಹೆಲ್ಟ್ ಮತ್ತು ಸ್ಟೋಕೇನಿಯಸ್ ವಿವರಿಸಿದ್ದರು. ಅದು ಬೆಳಕಿನ ಬಲದಿಂದ ಪ್ರೋಟಾನುಗಳನ್ನು ಪೊರೆಯಾಚೆ ದಬ್ಬುತ್ತದೆ. 1974ರಲ್ಲಿ ಮಾಸ್ಕೋದ ಸ್ಕುಲಚೇವ್ ಗುಂಪು ಅದರ ವಿದ್ಯುತ್ತನ್ನು ನೇರವಾಗಿ ಅಳೆಯಿತು. ಆದರೆ ನೇರಳೆ ಪೊರೆಯ ತುಣುಕುಗಳನ್ನು ಕಪ್ಪು ಪೊರೆಗೆ ಅಂಟಿಸಿದಾಗ ಬೆಳಕು ಎಷ್ಟೇ ಹೊತ್ತು ಉರಿಯಲಿ, ಪ್ರವಾಹ ಮೊದಲು ಜಿಗಿದು ಬೇಗನೆ ಕುಗ್ಗುತ್ತಿತ್ತು. ಪ್ರೋಟಾನು ದಾಟಲು ಬಿಡುವ ರಾಸಾಯನಿಕ ಬೆರೆಸಿದರೆ ಮಾತ್ರ ಅದು ನಿಲ್ಲುತ್ತಿತ್ತು. ಪಂಪು ಕೆಟ್ಟಿರಲಿಲ್ಲ. ಅದರ ಹಿಂದಿದ್ದ ಕಪ್ಪು ಪೊರೆ ಕೆಪಾಸಿಟರಿನಂತೆ ದಾರಿ ಕಟ್ಟಿತ್ತು.

ತುಂಡಾದ ಎಳೆ ಮತ್ತೆ ಸಿಕ್ಕಿದ್ದು ನಾನು ನಿರೀಕ್ಷಿಸದ ಕಡೆ, ನರಗಳ ಸಂಶೋಧನೆಯಲ್ಲಿ. 2005ರಲ್ಲಿ ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಜೊನಾಥನ್ ವೆಲ್ಸ್ ಮತ್ತು ಸಂಗಡಿಗರು ಇಲಿಯ ನರವನ್ನು ಬರೀ ಅವಕೆಂಪು ಲೇಸರಿನಿಂದ ಕೆರಳಿಸಬಹುದೆಂದು ತೋರಿಸಿದರು. ಅಲ್ಲಿ ವರ್ಣದ್ರವ್ಯವೂ ಇಲ್ಲ, ಸೇರಿಸಿದ ಪ್ರೋಟೀನೂ ಇಲ್ಲ. ಯಾವ ಅಣು ಆ ಬೆಳಕನ್ನು ಗ್ರಹಿಸುತ್ತಿದೆ ಎಂಬುದು ಏಳು ವರ್ಷ ಚರ್ಚೆಯಲ್ಲಿತ್ತು. 2012ರಲ್ಲಿ ಮಿಖಾಯಿಲ್ ಶಪಿರೊ, ಫ್ರಾನ್ಸಿಸ್ಕೊ ಬೆಜಾನಿಯಾ ಮೊದಲಾದವರು ಉತ್ತರ ಪ್ರಕಟಿಸಿದರು. ಬೆಳಕನ್ನು ಹೀರುವುದು ನೀರು. ನೀರು ಬಿಸಿಯಾಗಿ ಪೊರೆಯ ಕೆಪಾಸಿಟೆನ್ಸ್ ಏರುತ್ತದೆ, ಆ ಏರಿಕೆಯೇ ಪ್ರವಾಹವಾಗುತ್ತದೆ. ಇದು ಪೊರೆಯ ಕೆಲಸವೇ ಎಂದು ಅವರು ಸಾಧಿಸಿದ್ದು ಕಪ್ಪೆಯ ಅಂಡಕೋಶ ಮತ್ತು ಮನುಷ್ಯ ಕೋಶಗಳ ಜೊತೆಗೆ ಪ್ರೋಟೀನೇ ಇಲ್ಲದ ಕೃತಕ ಲಿಪಿಡ್ ಪೊರೆಯಲ್ಲಿ ಅದೇ ಸಂಕೇತ ಪಡೆದು.

ಈ ಸಾಲು ಓದಿ ನಾನು 1967ರ ಸ್ಕ್ವಿಡ್ ಪ್ರಬಂಧಕ್ಕೆ ಮರಳಿದೆ. ಎರಡೂ ಕಡೆ ಶಾಖವೇ, ಪೊರೆಯೇ. ಒಂದು ಕಡೆ ಅದು ಕಳೆಯಬೇಕಾದ ಕಸ, ನಲವತ್ತೈದು ವರ್ಷಗಳ ಬಳಿಕ ಇನ್ನೊಂದು ಕಡೆ ಅದೇ ಆವಿಷ್ಕಾರ. ಎರಡರ ಭೌತಿಕ ವಿವರ ಅಕ್ಷರಶಃ ಒಂದೇ ಎಂದು ನಾನು ಹೇಳಲಾರೆ. ಅಕ್ಷಿಪಟಲ ಹಲವು ಪದರಗಳ ಜಟಿಲ ಅಂಗಾಂಶ. ಕೆಪಾಸಿಟೆನ್ಸ್ ಏಕೆ ಏರುತ್ತದೆ ಎಂಬುದೂ ಒಮ್ಮೆಗೇ ತೀರ್ಮಾನವಾಗಲಿಲ್ಲ. ಪೊರೆಯ ಮೈಗೆ ಅಂಟಿಕೊಂಡ ಅಯಾನುಗಳ ಮೋಡ ಬಿಸಿಗೆ ಬದಲಾಗುತ್ತದೆಂಬುದು ಮೊದಲ ವಿವರಣೆ. 2018ರಲ್ಲಿ ಪ್ಲಾಕ್ಸಿನ್, ಶೋಹಮ್ ಮತ್ತಿತರರು ಪೊರೆಯೇ ಬಿಸಿಗೆ ತೆಳುವಾಗಿ ಅಗಲವಾಗುವುದೇ ಮುಖ್ಯ ಕಾರಣವೆಂದು ವಾದಿಸಿದರು. ನನಗೆ ಎರಡನೆಯದು ಹೆಚ್ಚು ಒಪ್ಪಿಗೆ. ಲಿಪಿಡ್ ಬಿಸಿಗೆ ತೆಳುವಾಗುವುದನ್ನು ಬೇರೆ ವಿಧಾನಗಳಿಂದಲೂ ಅಳೆದಿದ್ದಾರೆ.

ಈಗ ಕೈಯಲ್ಲೊಂದು ಒರೆಗಲ್ಲಿದೆ. ಶಾಖದ ಪ್ರವಾಹ ಕ್ಷಣಿಕ, ಉಷ್ಣತೆ ಬದಲಾಗುತ್ತಿರುವಷ್ಟೇ ಹೊತ್ತು ಬದುಕುತ್ತದೆ. ಪೊರೆಯ ವೋಲ್ಟೇಜಿನ ದಿಕ್ಕು ತಿರುಗಿಸಿದರೆ ಅದೂ ತಿರುಗುತ್ತದೆ, ಒಂದು ನಿರ್ದಿಷ್ಟ ವೋಲ್ಟೇಜಿನಲ್ಲಿ ಸೊನ್ನೆಯಾಗುತ್ತದೆ. ಪೊರೆಯ ಎರಡೂ ಮೈಗಳ ವಿದ್ಯುದಂಶ ಸಮವಾಗಿದ್ದರೆ ಆ ಬಿಂದು ಸೊನ್ನೆ ವೋಲ್ಟ್, ಸಮವಿಲ್ಲದಿದ್ದರೆ ಬೇರೆಡೆ. ಎಲೆಕ್ಟ್ರಾನ್ ವರ್ಗಾವಣೆಯ ಪ್ರವಾಹ ಹಾಗಲ್ಲ. ಒಂದು ಕಡೆ ಎಲೆಕ್ಟ್ರಾನ್ ಕೊಡುವ, ಇನ್ನೊಂದು ಕಡೆ ಪಡೆಯುವ ರಾಸಾಯನಿಕವಿದ್ದರೆ ಅದು ಸೊನ್ನೆ ವೋಲ್ಟೇಜಿನಲ್ಲೂ ಬೆಳಕಿರುವವರೆಗೆ ನಿಲ್ಲುತ್ತದೆ, ಅವುಗಳ ಬದಿ ಅದಲುಬದಲು ಮಾಡಿದರೆ ದಿಕ್ಕು ಬದಲಿಸುತ್ತದೆ.

ಇದನ್ನಿಟ್ಟುಕೊಂಡು ಟಿಯೆನ್ ಕಡತಕ್ಕೆ ಮರಳಿದರೆ ನನ್ನ ಅಳತೆ ಹೀಗಿದೆ. ಪೊರೆಯ ಎರಡು ಬದಿಗೆ ಬೇರೆ ಬೇರೆ ರಾಸಾಯನಿಕವಿಟ್ಟು ಪಡೆದ, ಬೆಳಕಿನ ಜೊತೆ ನಿಂತ ವೋಲ್ಟೇಜ್ ಗಟ್ಟಿಯಾಗಿ ಉಳಿಯುತ್ತದೆ. ಶಾಖದ ಕೆಪಾಸಿಟೆನ್ಸ್ ವಾದಕ್ಕೆ ಅದನ್ನು ಅಲುಗಿಸಲಾಗದು. ಹೊರಗಿನಿಂದ ವೋಲ್ಟೇಜ್ ಕೊಟ್ಟು, ಬೆಳಕಿಗೆ ಪೊರೆಯ ವಾಹಕತೆ ಹೆಚ್ಚಿತು ಎನ್ನುವ ಬಗೆಯ ಮಾತನ್ನು ಮಾತ್ರ ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಲಿಪಿಡ್ ಪೊರೆಯ ಸೋರಿಕೆ ಬರೀ ಬಿಸಿಗೂ ಹೆಚ್ಚುತ್ತದೆ. ಅಲ್ಲಿ ಉಷ್ಣತೆಯ ಲೆಕ್ಕ ಜೊತೆಗಿರಬೇಕು.

ಈ ಪ್ರವಾಹವನ್ನು ಬೇಕಾದಂತೆ ನಿಯಂತ್ರಿಸುವ ಪ್ರಶ್ನೆ ಬರುವುದು ಇದರ ನಂತರ. ಮೌಜರಾಲ್ ಅವರೇ ಹ್ವಾಂಗ್ ಎಂಬ ಇನ್ನೊಬ್ಬ ಸಹೋದ್ಯೋಗಿಯ ಜೊತೆ 1993ರಲ್ಲಿ ಪೊರೆಯ ಎಣ್ಣೆಯಂಥ ಒಡಲಿಗೆ ಫುಲ್ಲರೀನ್ ಎಂಬ ಇಂಗಾಲದ ಅಣು ಬೆರೆಸಿ, ಎಲೆಕ್ಟ್ರಾನು ಈ ಮುಖದಿಂದ ಆ ಮುಖಕ್ಕೆ ನಿಜವಾಗಿ ದಾಟಲು ಮೆಟ್ಟಿಲು ಹಾಕಿಕೊಟ್ಟರು. ಸಾಧನಕ್ಕೆ ಬೇಕಾದ ಬಾಳಿಕೆ ಬೇರೆಯೇ ತಲೆನೋವು, ಕುಂಚದಿಂದ ಸವರಿದ ಪೊರೆ ಮೇಜು ಅಲುಗಿದರೂ ಒಡೆಯುತ್ತದೆ. ಟಿಯೆನ್ ಮತ್ತು ಸಲಮೋನ್ 1989ರಲ್ಲಿ ಲಿಪಿಡ್ಡಿನೊಳಗೇ ಕತ್ತರಿಸಿದ ಲೋಹದ ತಂತಿಯ ತುದಿಗೆ ಪೊರೆಯನ್ನು ಕೂರಿಸಿದರು. ಜಪಾನಿನ ಸೆಂಡೈನ ತೊಹೊಕು ವಿಶ್ವವಿದ್ಯಾಲಯದ ಅಯುಮಿ ಹಿರಾನೊ-ಇವಾಟಾ ಗುಂಪು ಸಿಲಿಕಾನ್ ಚಿಪ್ಪಿನಲ್ಲಿ ನಯವಾದ ಅಂಚಿನ ಸೂಕ್ಷ್ಮ ರಂಧ್ರ ಕೊರೆದು ಪೊರೆಯ ಆಯುಸ್ಸು ಹೆಚ್ಚಿಸಿತು, ಅದಕ್ಕೆ ಬೆಳಕು ಹೀರುವ ಸಾವಯವ ಅಣುಗಳನ್ನು ಸೇರಿಸಿತು. ಆಮೇಲೆ ಹೊಸತೊಂದು ಹಿಡಿಕೆ ತಂದಿತು. ಅಲ್ಲಿಯವರೆಗೆ ಎಲ್ಲರೂ ವೋಲ್ಟೇಜ್ ಕೊಟ್ಟದ್ದು ಪೊರೆಯ ಆಚೀಚೆಗೆ, ಇವರು ಪೊರೆಯ ಹಾಸಿನ ಉದ್ದಕ್ಕೂ ಇನ್ನೊಂದು ವೋಲ್ಟೇಜ್ ಕೊಡತೊಡಗಿದರು. ಟ್ರಾನ್ಸಿಸ್ಟರಿನಲ್ಲಿ ಮೂರನೆಯ ತುದಿ ಮಾಡುವ ಕೆಲಸವನ್ನು ಪೊರೆಯಲ್ಲಿ ಇದು ಮಾಡಬಹುದೇ ಎಂಬುದು ಆಸೆ.

ಎಲೆಕ್ಟ್ರಾನಿಕ್ಸ್‌ನವರಿಗೆ ಇದು ರುಚಿಸುವ ಮಾತು. ನನಗೆ ಮಾತ್ರ ರಂಧ್ರದ ಅಂಚಿಗೆ ಹೊಸದಾಗಿ ಬಂದು ಕೂತ ಲೋಹದ ಮೇಲೆ ಕಣ್ಣು. ಅದಕ್ಕೂ ಬೆಳಕು ಬೀಳುತ್ತದೆ, ಅದೂ ಬಿಸಿಯಾಗುತ್ತದೆ. ಹೀಗಾಗಿ ಇಂಥ ಸಾಧನದ ವರದಿ ಕೈಗೆ ಬಂದಾಗ ನಾನು ಮೊದಲು ತೆರೆಯುವುದು ಮುಖ್ಯ ಚಿತ್ರವನ್ನಲ್ಲ, ಜೋಡಿಸಿಟ್ಟ ಪೂರಕ ಪುಟಗಳನ್ನು. ವರ್ಣದ್ರವ್ಯವಿಲ್ಲದ ಪೊರೆಗೆ ಅದೇ ಬೆಳಕು ಬಿಟ್ಟು ನೋಡಿದ್ದಾರೆಯೇ, ಸೊನ್ನೆ ವೋಲ್ಟಿನ ಗೆರೆ ಇದೆಯೇ, ಅವಕೆಂಪು ಬೆಳಕಿನಿಂದ ಅಷ್ಟೇ ಬಿಸಿಮಾಡಿ ಹೋಲಿಸಿದ್ದಾರೆಯೇ, ಹಾಸಿನ ವೋಲ್ಟೇಜನ್ನು ತಿರುಗಿಸಿದಾಗ ಪ್ರವಾಹದ ಜಿಗಿತ ಮಾತ್ರ ಬದಲಾಯಿತೋ ಅಥವಾ ಬೆಳಕಿರುವಷ್ಟೂ ಹೊತ್ತು ನಿಲ್ಲುವ ಭಾಗವೂ ಬದಲಾಯಿತೋ ಎಂದು ಹುಡುಕುತ್ತೇನೆ.